ರೆಡಿಮೇಡ್ ಮನೆಯ ಬಜೆಟ್: ನೆಲದಿಂದ ಶುರು ಮಾಡಿ, ಕೋಟೇಶನ್ ಆಮೇಲೆ ತರಿಸಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಪ್ರೀಫ್ಯಾಬ್ ಮನೆಗೆ, ಅಂದರೆ ಕಾರ್ಖಾನೆಯಲ್ಲಿ ಬಿಡಿಭಾಗ ಮಾಡಿ ಪ್ಲಾಟಿನಲ್ಲಿ ಜೋಡಿಸುವ ಮನೆಗೆ, ಕೈಹಾಕಿದವರ ಲೆಕ್ಕ ತಪ್ಪುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಮೊದಲು ಕಂಪನಿಗೆ ಫೋನ್ ಮಾಡುತ್ತಾರೆ, "ಚದರ ಅಡಿಗೆ ಇಷ್ಟು" ಎಂಬ ಮಾತು ಕೇಳಿ ಅಡ್ವಾನ್ಸ್ ಕಟ್ಟುತ್ತಾರೆ, ಅಡಿಪಾಯದ ಖರ್ಚು ಕೇಳುವುದು ಆಮೇಲೆ. ಅಷ್ಟರಲ್ಲಿ ಗೋಡೆ ಕಾರ್ಖಾನೆಯಲ್ಲಿ ತಯಾರಾಗಿರುತ್ತದೆ, ಪ್ಲಾಟಿನಲ್ಲಿ ಪ್ಲಿಂತ್‌ಗೆ (ಮನೆ ಕೂಡುವ, ನೆಲದಿಂದ ಎತ್ತರಿಸಿದ ಪೀಠಕ್ಕೆ) ದುಡ್ಡಿರುವುದಿಲ್ಲ. ಕಂಪನಿ ಹೇಳುವ ದರ ನೆಲದ ಮೇಲೆ ಕೂಡುವ ಪೆಟ್ಟಿಗೆಯದು. ಕುಟುಂಬ ಬಾಳುವ ಮನೆಗೆ ಆ ಪೆಟ್ಟಿಗೆಯ ಕೆಳಗೂ, ಸುತ್ತಲೂ, ಒಳಗೂ ಬೇರೆ ಖರ್ಚಿದೆ. ಅದಕ್ಕೇ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಐದನೆಯ ಹಂತ ಮುಗಿಯುವ ತನಕ ಯಾರಿಗೂ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ.

ಲೆಕ್ಕಕ್ಕೆ ಉದ್ದಕ್ಕೂ ಒಂದೇ ಮನೆ ಇಟ್ಟುಕೊಳ್ಳೋಣ: 40×60 ಪ್ಲಾಟ್, ಅದರಲ್ಲಿ 25×36 ಅಡಿಯ, ಅಂದರೆ 900 ಚದರ ಅಡಿಯ ಮನೆ. ಎರಡು ಮಲಗುವ ಕೋಣೆ, ಒಂದೇ ಅಂತಸ್ತು.

ಕೈಯಲ್ಲಿರಬೇಕಾದ ಸಾಮಾನು

30 ಮೀಟರ್ ಟೇಪು, ಗೌಂಡಿಗಳು ಬಳಸುವ ನೀರಿನ ಲೆವೆಲ್ ಪೈಪು, ತಗಡಿನ ದಪ್ಪ ಅಳೆಯಲು ಸ್ಕ್ರೂ ಗೇಜ್, ಮತ್ತು ಒಂದು ದಪ್ಪ ನೋಟ್‌ಬುಕ್. ನೋಟ್‌ಬುಕ್ಕಿನ ಪ್ರತಿ ಪುಟದಲ್ಲಿ ಮೂರು ಕಾಲಂ ಹಾಕಿ: ಅಂದಾಜು, ಲಿಖಿತ ದರ, ನಿಜವಾಗಿ ಕೊಟ್ಟದ್ದು. ಎರಡನೆಯ ಕಾಲಂ ಖಾಲಿ ಇರುವ ಯಾವ ಖರ್ಚನ್ನೂ "ಗೊತ್ತಾಯಿತು" ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ಹಂತ 1: ನೆಲ ಎರೆಯೋ ಮಸಾರಿಯೋ?

ಬಜೆಟ್ಟಿನಲ್ಲಿ ಅತಿ ಹೆಚ್ಚು ಏರುಪೇರಾಗುವ ಬಾಬ್ತು ಇದೇ. ಸಿಂಧನೂರು, ಸಿರುಗುಪ್ಪ, ಮಾನ್ವಿ ಕಡೆಯ ಎರೆ (ಕಪ್ಪು ಮಣ್ಣಿನ) ನೆಲ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಮಸಾರಿಯಲ್ಲಿ, ಅಂದರೆ ಕೆಂಪು ಮಣ್ಣಿನಲ್ಲಿ, ಈ ಕಾಟ ಕಡಿಮೆ. ಒಂದೇ ಊರಿನ ಎರಡು ಬಡಾವಣೆಗಳಲ್ಲಿ ಎರಡು ಬಗೆಯ ಮಣ್ಣು ಇರಬಹುದು, ಹಾಗಾಗಿ ಪಕ್ಕದವರ ಅನುಭವ ನಂಬಿ ಕೂಡಬೇಡಿ.

ಇಲ್ಲಿ ಬಹಳ ಜನ ಮಾಡುವ ತಪ್ಪು ಒಂದಿದೆ. "ಮನೆ ಹಗುರ, ಅಡಿಪಾಯವೂ ಹಗುರ ಸಾಕು" ಎನ್ನುತ್ತಾರೆ. ಮಸಾರಿಯಲ್ಲಿ ಈ ಮಾತು ಸ್ವಲ್ಪ ಮಟ್ಟಿಗೆ ನಿಜ. ಎರೆಯಲ್ಲಿ ಉಲ್ಟಾ. ಕಲ್ಲು-ಇಟ್ಟಿಗೆಯ ಮನೆ ತನ್ನ ಭಾರದಿಂದಲೇ ಉಬ್ಬುವ ಮಣ್ಣನ್ನು ಒಂದಿಷ್ಟು ಅದುಮಿ ಹಿಡಿಯುತ್ತದೆ. ಸ್ಟೀಲ್ ಚೌಕಟ್ಟಿನ ಮನೆಗೆ ಆ ಭಾರ ಇಲ್ಲ. ಮಣ್ಣು ಒಂದು ಮೂಲೆಯಲ್ಲಿ ಎತ್ತಿತೆಂದರೆ ಚೌಕಟ್ಟು ತಿರುಚಿಕೊಂಡು ಬೋರ್ಡಿನ ಜೋಡಣೆ ಬಿಡುತ್ತದೆ, ಬಾಗಿಲು ಚೌಕಟ್ಟಿನಲ್ಲಿ ಹಿಡಿಯುತ್ತದೆ. ಮೇಲಾಗಿ, ಬಿರುಗಾಳಿ ಛಾವಣಿಯನ್ನು ಮೇಲಕ್ಕೆ ಎಳೆಯುವಾಗ ಹಗುರ ಮನೆಯನ್ನು ಹಿಡಿದಿಡುವುದು ಅಡಿಪಾಯದ ತೂಕ ಮತ್ತು ಆಂಕರ್ ಬೋಲ್ಟ್ (ಚೌಕಟ್ಟನ್ನು ಪಾಯಕ್ಕೆ ಬಿಗಿಯುವ ಬೋಲ್ಟ್) ಮಾತ್ರ.

ಆದ್ದರಿಂದ ಪ್ಲಾಟಿನ ಎರಡು ಮೂಲೆಗಳಲ್ಲಿ ಗಟ್ಟಿ ಗರಸು (ಕಲ್ಲುಚೂರು ಬೆರೆತ ಮಣ್ಣು) ಸಿಗುವ ತನಕ ಗುಂಡಿ ತೋಡಿಸಿ, ಎಷ್ಟು ಅಡಿಗೆ ಸಿಕ್ಕಿತು ಎಂದು ಬರೆದಿಡಿ. ಮಣ್ಣಿನ ಮಾದರಿಯನ್ನು ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ಲ್ಯಾಬಿಗೋ ಖಾಸಗಿ ಲ್ಯಾಬಿಗೋ ಕೊಟ್ಟು ಎರಡು ವಿಷಯ ಕೇಳಿ: ಮಣ್ಣು ಹೊರುವ ಶಕ್ತಿ ಎಷ್ಟು, ಫ್ರೀ ಸ್ವೆಲ್ ಇಂಡೆಕ್ಸ್ ಎಷ್ಟು. ಎರಡನೆಯದು ಮಣ್ಣು ನೀರಿನಲ್ಲಿ ಎಷ್ಟು ಉಬ್ಬುತ್ತದೆ ಎಂದು ಹೇಳುವ ಸರಳ ಪರೀಕ್ಷೆ. ಜರಡಿ ಹಿಡಿದ 10 ಗ್ರಾಂ ಮಣ್ಣನ್ನು ನೀರಿನಲ್ಲೂ ಸೀಮೆಎಣ್ಣೆಯಲ್ಲೂ ಬೇರೆ ಬೇರೆ 24 ಗಂಟೆ ಇಟ್ಟು ಹೋಲಿಸುತ್ತಾರೆ. ಈ ವರದಿ ಇಲ್ಲದೆ ಅಡಿಪಾಯದ ದರ ಹೇಳುವ ಯಾರ ಮಾತನ್ನೂ ನೋಟ್‌ಬುಕ್ಕಿಗೆ ಏರಿಸಬೇಡಿ.

ಮೂರು-ನಾಲ್ಕು ಅಡಿಯೊಳಗೆ ಗರಸು ಸಿಕ್ಕರೆ ಎರೆಯನ್ನು ಪೂರ್ತಿ ತೆಗೆದು ಗರಸಿನ ಮೇಲೆಯೇ ಪಾಯ ಕೂಡಿಸುವುದು ಸಾಮಾನ್ಯವಾಗಿ ಅಗ್ಗ. ಎರೆ ಆಳವಾಗಿದ್ದರೆ ಎಂಜಿನಿಯರ್ ಅಂಡರ್‌ರೀಮ್ಡ್ ಪೈಲ್ ಹೇಳಬಹುದು. ಬುಡದಲ್ಲಿ ಗಡ್ಡೆಯಂತೆ ಅಗಲವಾದ ಈ ಕಾಂಕ್ರೀಟ್ ಕಂಬ, ಮಣ್ಣಿನ ತೇವ ಏರಿಳಿಯುವ ಪದರ ದಾಟಿ ಸುಮಾರು 3.5 ಮೀಟರ್ ಕೆಳಗೆ ಕಚ್ಚಿಕೊಳ್ಳುತ್ತದೆ. ನಮ್ಮ ಲೆಕ್ಕದ ಮನೆಯ ಹೊರ ಸುತ್ತಳತೆ 122 ಅಡಿ. 7 ಅಡಿಗೊಂದು ಪೈಲ್ ಎಂದರೂ ಹೊರಗೋಡೆಗೇ 17-18 ಬೇಕು, ಒಳಗೋಡೆಗಳದ್ದು ಬೇರೆ. ಪೈಲ್ ಮೇಲಿನ ಬೀಮಿಗೂ ಕೆಳಗಿನ ಎರೆಗೂ ನಡುವೆ ಖಾಲಿ ಜಾಗ ಬಿಡಲೇಬೇಕು. ಬಿಡದಿದ್ದರೆ ಉಬ್ಬಿದ ಮಣ್ಣು ಬೀಮನ್ನೇ ಎತ್ತುತ್ತದೆ, ಪೈಲಿಗೆ ಹಾಕಿದ ದುಡ್ಡು ವ್ಯರ್ಥ.

ಇನ್ನು ಪ್ಲಿಂತ್ ತುಂಬುವ ಲೆಕ್ಕ. 900 ಚದರ ಅಡಿಗೆ ಎರಡೂವರೆ ಅಡಿ ಎತ್ತರ ಎಂದರೆ 2,250 ಘನ ಅಡಿ. ದಮ್ಮಸ್ಸು ಹಾಕಿದಾಗ ಇಳಿಯುವುದರಿಂದ ಸುಮಾರು ಕಾಲುಭಾಗ ಹೆಚ್ಚು ತರಿಸಬೇಕು, ಅಂದರೆ 2,800 ಘನ ಅಡಿ ಗರಸು. ಟಿಪ್ಪರ್ ಲೆಕ್ಕದಲ್ಲಿ ವ್ಯವಹಾರ ಮಾಡಬೇಡಿ, ಡಬ್ಬಿಯ ಉದ್ದ-ಅಗಲ-ಎತ್ತರ ಅಳೆದು ಘನ ಅಡಿ ಲೆಕ್ಕದಲ್ಲಿ ದರ ಕುದುರಿಸಿ. ಅಗೆದು ತೆಗೆದ ಎರೆಮಣ್ಣನ್ನೇ ಉಳಿತಾಯಕ್ಕೆಂದು ಪ್ಲಿಂತ್‌ನೊಳಗೆ ಸುರಿಯುವವರಿದ್ದಾರೆ. ಅದು ಮನೆಯೊಳಗೇ ಉಬ್ಬುವ ಮಣ್ಣನ್ನು ಕೂಡಿಟ್ಟ ಹಾಗೆ, ಒಂದೆರಡು ಮಳೆಗಾಲದಲ್ಲೇ ಟೈಲ್ಸ್ ಎದ್ದು ನಿಲ್ಲುತ್ತವೆ.

ಹಂತ 2: ಲಾರಿ ಬರುವ ದಾರಿ

ಪ್ಯಾನೆಲ್‌ಗಳು ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಬರುವುದು ಸಾಮಾನ್ಯ. ಬೆಂಗಳೂರಿನಿಂದ ಬಳ್ಳಾರಿಗೆ ಸುಮಾರು 300 ಕಿ.ಮೀ., ರಾಯಚೂರಿಗೆ 400ರ ಮೇಲೆ. ರಾಯಚೂರಿನವರಿಗೆ ಹೈದರಾಬಾದೇ ಹತ್ತಿರ. ಆದರೆ ಬಜೆಟ್ಟು ಕೆಡುವುದು ಹೆದ್ದಾರಿಯಲ್ಲಲ್ಲ, ಕೊನೆಯ ಅರ್ಧ ಕಿಲೋಮೀಟರಿನಲ್ಲಿ. ಓಣಿಯ ಅಗಲ, ತಿರುವು, ಜೋತುಬಿದ್ದ ವಿದ್ಯುತ್ ತಂತಿ, ಚರಂಡಿಯ ಮೇಲಿನ ಫರ್ಸಿ ಕಲ್ಲು ಇವನ್ನೆಲ್ಲ ಮೊಬೈಲಿನಲ್ಲಿ ವಿಡಿಯೊ ಮಾಡಿ ಕಂಪನಿಗೆ ಕಳಿಸಿ, "ಈ ದಾರಿಯಲ್ಲಿ ಪ್ಲಾಟಿನ ತನಕ ತಲುಪಿಸುತ್ತೇವೆ" ಎಂದು ಬರೆಸಿಕೊಳ್ಳಿ. ಬರೆಯದಿದ್ದರೆ ದೊಡ್ಡ ರಸ್ತೆಯಲ್ಲಿ ಇಳಿಸಿ ಟ್ರ್ಯಾಕ್ಟರಿಗೆ ಹೇರುವ ಖರ್ಚು ನಿಮ್ಮ ತಲೆಗೆ.

ಕೋಣೆಯನ್ನೇ ಇಡಿಯಾಗಿ ತರುವ ಪದ್ಧತಿಯೂ ಇದೆ. ರಸ್ತೆ ನಿಯಮದ ಪ್ರಕಾರ ಸಾಮಾನ್ಯ ಲಾರಿಯ ಅಗಲ 2.6 ಮೀಟರ್ ಮೀರುವಂತಿಲ್ಲ, ಅಂದರೆ ಸುಮಾರು ಎಂಟೂವರೆ ಅಡಿ. ಅದಕ್ಕಿಂತ ಅಗಲದ ಕೋಣೆಗೆ ವಿಶೇಷ ಅನುಮತಿ, ವಿಶೇಷ ವಾಹನ, ದೊಡ್ಡ ಕ್ರೇನ್ ಬೇಕು. ಕುಟುಂಬದ ಮನೆಗೆ ಬಿಡಿ ಪ್ಯಾನೆಲ್ ತಂದು ಜೋಡಿಸುವ ಪದ್ಧತಿಯೇ ಲೇಸು.

ಎರೆ ನೆಲದ ಹೊಸ ಬಡಾವಣೆಯಾದರೆ ಮಳೆ ಬಿದ್ದ ಮೇಲೆ ಕ್ರೇನ್ ಒಳಗೆ ಹೋಗುವುದಿಲ್ಲ, ಹೋದರೆ ಹೊರಬರುವುದಿಲ್ಲ. ಪಾಯವನ್ನು ನವೆಂಬರ್-ಜನವರಿಯಲ್ಲಿ, ಜೋಡಣೆಯನ್ನು ಫೆಬ್ರವರಿ-ಏಪ್ರಿಲ್‌ನಲ್ಲಿ ಇಟ್ಟುಕೊಂಡರೆ ಈ ಬಾಬ್ತಿನ ದುಂದು ತಪ್ಪುತ್ತದೆ. ಕೊಪ್ಪಳ ಪಟ್ಟಣದಲ್ಲಿ ಕಟ್ಟುವವರು ಜನವರಿಯ ಗವಿಮಠದ ಜಾತ್ರೆಯ ದಿನಗಳಿಗೆ ಕ್ರೇನ್ ಬುಕ್ ಮಾಡಬಾರದು.

ಹಂತ 3: ಮನೆಯೊಳಗೆ ಏನೇನು ನಡೆಯುತ್ತದೆ, ಬರೆಯಿರಿ

ಕಂಪನಿಯ ಡ್ರಾಯಿಂಗ್ ಯಾವುದೋ ನಗರದ ಫ್ಲಾಟಿನ ಬದುಕಿಗೆ ಹೊಂದಿರುತ್ತದೆ. ನಮ್ಮ ಮನೆಗಳ ಬದುಕು ಬೇರೆ. ಅದನ್ನು ಮೊದಲೇ ಹೇಳದಿದ್ದರೆ ಆಮೇಲೆ "ಎಕ್ಸ್‌ಟ್ರಾ" ಎಂದು ಬಿಲ್ಲಾಗುತ್ತದೆ.

ಮೊದಲನೆಯದು ಮಾಳಿಗೆ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುತ್ತೀರಾ? ಮೆಣಸಿನಕಾಯಿ, ಸಂಡಿಗೆ ಒಣಗಿಸುತ್ತೀರಾ? ಇನ್ನೈದು ವರ್ಷದಲ್ಲಿ ಮೇಲೊಂದು ಕೋಣೆ ಎತ್ತುವ ಯೋಚನೆ ಇದೆಯಾ? ಇದರಲ್ಲಿ ಒಂದಕ್ಕಾದರೂ "ಹೌದು" ಎಂದರೆ ಇಳಿಜಾರು ತಗಡಿನ ಛಾವಣಿ ನಿಮಗಲ್ಲ. ಡೆಕ್ಕಿಂಗ್ ತಗಡಿನ (ಕಾಂಕ್ರೀಟ್ ಹೊರುವ ಮಡಿಕೆಯ ತಗಡು) ಮೇಲೆ ಕಾಂಕ್ರೀಟ್ ಹಾಕಿದ ಸಮತಟ್ಟು ಛಾವಣಿ ಬೇಕು. 4 ಇಂಚಿನ ಕಾಂಕ್ರೀಟ್ ಎಂದರೆ ಪ್ರತಿ ಚದರ ಮೀಟರಿಗೆ ಸುಮಾರು 250 ಕಿಲೋ ಭಾರ. ಅದನ್ನು ಹೊರಲು ಕಂಬ, ಬೀಮು, ಪಾಯ ಎಲ್ಲ ದಪ್ಪವಾಗುತ್ತವೆ. ಇದನ್ನು ಆಮೇಲೆ ಸೇರಿಸಲು ಬರುವುದಿಲ್ಲ, ಮೊದಲ ದಿನವೇ ತೀರ್ಮಾನವಾಗಬೇಕು.

ಎರಡನೆಯದು ಅಡುಗೆಮನೆಯ ಕಟ್ಟೆ. ದಿನಾ ಜೋಳದ ರೊಟ್ಟಿ ಬಡಿಯುವ ಮನೆಯಲ್ಲಿ ಕಟ್ಟೆಯನ್ನು ಪ್ಯಾನೆಲ್ ಗೋಡೆಗೆ ಬ್ರಾಕೆಟ್ ಹಾಕಿ ನಿಲ್ಲಿಸಿದರೆ ಬಡಿತಕ್ಕೆ ಸ್ಕ್ರೂ ಸಡಿಲಾಗುತ್ತವೆ, ಬೋರ್ಡಿನ ಸಂದು ಬಿಡುತ್ತದೆ. ಕಟ್ಟೆಗೆ ಇಟ್ಟಿಗೆಯ ಸ್ವಂತ ಕಾಲು ಕಟ್ಟಿಸಿ, ಗೋಡೆಗೆ ತಾಗದಂತೆ ಅರ್ಧ ಇಂಚು ಬಿಟ್ಟು ಸಿಲಿಕಾನ್ ತುಂಬಿಸಿ.

ಉಳಿದದ್ದು ತೂಗು ಹಾಕುವ ವಸ್ತುಗಳು. ತೊಟ್ಟಿಲಿನ ಕೊಂಡಿ, ಫ್ಯಾನು, ಗೀಸರ್, ಟಿವಿ, ದೇವರ ಮಾಡ, ಅಟ್ಟ. 25 ಲೀಟರಿನ ಗೀಸರ್ ನೀರು ತುಂಬಿದಾಗ 40 ಕಿಲೋದಷ್ಟು ಭಾರ, ಬರೀ ಬೋರ್ಡು ಅದನ್ನು ಹಿಡಿಯುವುದಿಲ್ಲ. ಗೋಡೆಯೊಳಗೆ ಎಲ್ಲೆಲ್ಲಿ ಸ್ಟೀಲ್ ಪಟ್ಟಿ ಇರಬೇಕು ಎಂದು ನಕ್ಷೆಯಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿ ಕಾರ್ಖಾನೆಗೆ ಕೊಡಬೇಕು. 1,000 ಲೀಟರ್ ಟ್ಯಾಂಕ್ ತುಂಬಿದರೆ ಒಂದು ಟನ್ನು. ಅದಕ್ಕೆ ನೆಲದಿಂದಲೇ ಬೇರೆ ಸ್ಟ್ಯಾಂಡ್ ಕಟ್ಟಿ, ಹಗುರ ಛಾವಣಿಯ ಮೇಲೆ ಕೂಡಿಸಬೇಡಿ.

ಹಂತ 4: ಗೋಡೆ-ಛಾವಣಿಯ ಪದ್ಧತಿ

ಇಲ್ಲಿ ಸಿಗುವುದು ಹೆಚ್ಚಾಗಿ ಮೂರು ಬಗೆ. ತೆಳು ಸ್ಟೀಲ್ ಚೌಕಟ್ಟಿಗೆ ಎರಡೂ ಬದಿ ಸಿಮೆಂಟ್ ಫೈಬರ್ ಬೋರ್ಡು ಹೊಡೆಯುವುದು, ದಪ್ಪ ಸ್ಟೀಲ್ ಕಂಬಗಳ ನಡುವೆ ತಗಡು-ಫೋಮ್-ತಗಡಿನ ಸ್ಯಾಂಡ್‌ವಿಚ್ ಪ್ಯಾನೆಲ್ ಕೂಡಿಸುವುದು, ಮತ್ತು ಪ್ರೀಕಾಸ್ಟ್, ಅಂದರೆ ಕಾರ್ಖಾನೆಯಲ್ಲೇ ಎರಕ ಹೊಯ್ದ ಕಾಂಕ್ರೀಟ್ ಗೋಡೆ. ಒಂದೇ ಮನೆಗೆ ಪ್ರೀಕಾಸ್ಟ್ ತರಿಸುವುದು ಸಾಗಣೆ, ಕ್ರೇನಿನಿಂದಾಗಿ ದುಬಾರಿ. ಫೋಮ್ ಪ್ಯಾನೆಲ್ ಎದ್ದು ನಿಲ್ಲುವುದು ಬೇಗ, ಆದರೆ ಬಾಳುವ ಮನೆಗಿಂತ ಸೈಟ್ ಆಫೀಸಿಗೆ ಹೆಚ್ಚು ತಕ್ಕದ್ದು, ಫೋಮಿಗೆ ಬೆಂಕಿ ಹತ್ತುವ ಭಯವೂ ಇದೆ. ನಮ್ಮ ಅಭಿಪ್ರಾಯದಲ್ಲಿ ಕುಟುಂಬಕ್ಕೆ ಒಪ್ಪುವುದು ಮೊದಲನೆಯದು, ಒಳಗೆ ರಾಕ್‌ವೂಲ್ (ಶಾಖ ತಡೆಯುವ ಕಲ್ಲಿನ ನಾರಿನ ಹಾಸು) ತುಂಬಿಸಿ. ರಾಕ್‌ವೂಲಿಗೆ ಬೆಂಕಿ ಹತ್ತುವುದಿಲ್ಲ.

40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಶಾಖದ ಮಾತು ದೊಡ್ಡದು. ಕಲ್ಲಿನ ಗೋಡೆ ಮಧ್ಯಾಹ್ನದ ಬಿಸಿಯನ್ನು ತಡವಾಗಿ ಒಳಗೆ ಬಿಡುತ್ತದೆ. ತೆಳು ಗೋಡೆಯ ಮನೆ ಹನ್ನೊಂದಕ್ಕೇ ಕಾಯುತ್ತದೆ, ರಾತ್ರಿ ಬೇಗ ಆರುತ್ತದೆ. ಕೈಯಲ್ಲಿರುವ ದುಡ್ಡನ್ನು ಮೊದಲು ಛಾವಣಿಗೆ ಹಾಕಿ: ಗೋಡೆಯಲ್ಲಿ 50 ಮಿ.ಮೀ. ರಾಕ್‌ವೂಲ್ ಇದ್ದರೆ ಛಾವಣಿಯಲ್ಲಿ 100 ಇರಲಿ, ತಗಡಿಗೂ ಸೀಲಿಂಗಿಗೂ ನಡುವೆ ಗಾಳಿ ಆಡಲಿ, ಮೇಲೆ ಬಿಳಿ ಬಣ್ಣ ಇರಲಿ, ಪಡುವಣ ಗೋಡೆಗೆ ನೆರಳು ಇರಲಿ. ಇದನ್ನು ಉಳಿಸಲು ಹೋಗಿ ಎರಡು ಏಸಿ ಕೊಂಡು ತಿಂಗಳು ತಿಂಗಳು ಬಿಲ್ಲು ಕಟ್ಟುವುದು ಲೆಕ್ಕಕ್ಕೆ ಬಾರದ ಉಳಿತಾಯ.

ಬಚ್ಚಲು, ಶೌಚಾಲಯದ ಗೋಡೆಗಳನ್ನು ಬೋರ್ಡಿನಿಂದ ಮಾಡಿಸದೆ ಹಾರುಬೂದಿ ಇಟ್ಟಿಗೆಯಿಂದಲೇ ಕಟ್ಟಿಸಿ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಕಾರಣ ರಾಯಚೂರು ಸುತ್ತ ಈ ಇಟ್ಟಿಗೆಗೆ ಕೊರತೆ ಇಲ್ಲ. ಬೋರ್ಡಿನ ಹಿಂದೆ ಸೋರಿದ ನೀರು ಕಣ್ಣಿಗೆ ಬೀಳುವಷ್ಟರಲ್ಲಿ ಸ್ಟೀಲಿಗೆ ತುಕ್ಕು ಹತ್ತಿರುತ್ತದೆ.

ಹಂತ 5: ಕಾಗದಪತ್ರ ಮತ್ತು ಸಾಲ

ಪ್ರೀಫ್ಯಾಬ್ ಮನೆಗೆ ಪರವಾನಗಿ ಬೇಡ ಎಂಬುದು ಸುಳ್ಳು. ಪಾಯಕ್ಕೆ ಬಿಗಿದ ಮನೆ ಕಟ್ಟಡವೇ. ಇ-ಖಾತಾ, ಕೃಷಿ ಜಮೀನಾದರೆ ಭೂಪರಿವರ್ತನೆ ಆದೇಶ, ಮಂಜೂರಾದ ನಕ್ಷೆ, ಎಂಜಿನಿಯರ್ ಸಹಿಯ ವಿನ್ಯಾಸ ಇವೆಲ್ಲ ಬೇಕು. ಕಾರ್ಮಿಕ ಸೆಸ್ (ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಕಟ್ಟುವ ಶುಲ್ಕ) ಅನ್ವಯವಾಗುತ್ತದೆಯೇ ಎಂದು ಪರವಾನಗಿ ಕೊಡುವ ಕಚೇರಿಯಲ್ಲೇ ಕೇಳಿ. ವಿದ್ಯುತ್ ಕಂಪನಿ ಜೆಸ್ಕಾಂನ ಶಾಖಾ ಕಚೇರಿಯಲ್ಲಿ ತಾತ್ಕಾಲಿಕ ಸಂಪರ್ಕದ ಖರ್ಚು, ಕಂಬ ಹಾಕಬೇಕಾದರೆ ಅದರ ಖರ್ಚು, ಎರಡನ್ನೂ ಬರೆದುಕೊಳ್ಳಿ.

ಸಾಲದ ವಿಷಯ ನಿಧಾನವಾಗಿ ಓದಿ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದ ತನಕದ ಗೃಹಸಾಲ ಆಸ್ತಿ ಮೌಲ್ಯದ ಶೇ 90 ಮೀರುವಂತಿಲ್ಲ, 30ರಿಂದ 75 ಲಕ್ಷದ ತನಕ ಶೇ 80. ಇದು ಮೇಲ್ಮಿತಿ ಮಾತ್ರ, ಬ್ಯಾಂಕ್ ಅಷ್ಟು ಕೊಡಲೇಬೇಕೆಂದಿಲ್ಲ. ಅದಕ್ಕಿಂತ ದೊಡ್ಡ ತೊಡಕು ಹಣ ಬಿಡುಗಡೆಯದು. ಬ್ಯಾಂಕ್ ಪ್ಲಾಟಿಗೆ ಬಂದು ಎಷ್ಟು ಎದ್ದಿದೆ ನೋಡಿ ಕಂತು ಬಿಡುತ್ತದೆ. ಪ್ರೀಫ್ಯಾಬ್‌ನಲ್ಲಿ ದುಡ್ಡು ಹೋಗುವುದು ಕಾರ್ಖಾನೆಗೆ, ಪ್ಲಾಟಿನಲ್ಲಿ ಆಗ ಪ್ಲಿಂತ್ ಬಿಟ್ಟರೆ ಏನೂ ಕಾಣುವುದಿಲ್ಲ. "ಈ ಕಟ್ಟುವ ಪದ್ಧತಿ ನಮಗೆ ಒಪ್ಪಿಗೆ, ಕಂತುಗಳನ್ನು ಹೀಗೆ ಬಿಡುತ್ತೇವೆ" ಎಂಬುದು ಮಂಜೂರಾತಿ ಪತ್ರದಲ್ಲಿ ಇರಬೇಕು. ಮ್ಯಾನೇಜರ್ ಬಾಯಿಮಾತಿನಲ್ಲಿ "ಆಗ್ತದ ಬಿಡ್ರಿ" ಎಂದದ್ದು ಸಾಲದು, ಅವರು ವರ್ಗವಾಗಿ ಹೋಗಬಹುದು.

ಹಂತ 6: ಈಗ ಕೋಟೇಶನ್

ಮೂರು ಕಡೆ ಕೇಳಿ, ಮೂವರಿಗೂ ಒಂದೇ ನಕ್ಷೆ, ಒಂದೇ ಪಟ್ಟಿ ಕೊಡಿ. ಇಲ್ಲದಿದ್ದರೆ ಹೋಲಿಸಲು ಬರುವುದಿಲ್ಲ.

ಮೊದಲ ಪ್ರಶ್ನೆ: ಯಾವ ಚದರ ಅಡಿ? ನಮ್ಮ ಮನೆ 25×36, ಅಂದರೆ 900. ಸುತ್ತ ಎರಡು ಅಡಿ ಚಾಚಿದ ಛಾವಣಿಯ ಅಳತೆ ಹಿಡಿದರೆ 29×40, ಅಂದರೆ 1,160. ದರ ಅದೇ, ಬಿಲ್ಲು ಶೇ 29 ಹೆಚ್ಚು. ದರ ಕಡಿಮೆ ಹೇಳಿ ಅಳತೆ ಹಿಗ್ಗಿಸುವವರಿಗಿಂತ, ದರ ಹೆಚ್ಚಿದ್ದರೂ ಅಳತೆ ಬರೆದು ಕೊಡುವವರು ಮೇಲು.

ಎರಡನೆಯದು ಪ್ರಮಾಣ. ಹೊರಗೋಡೆ 122 ಅಡಿ, ಒಳಗೋಡೆ 75 ಅಡಿ, ಎತ್ತರ 10 ಎಂದರೆ ಕಿಟಕಿ-ಬಾಗಿಲು ಕಳೆಯದೆ ಸುಮಾರು 2,000 ಚದರ ಅಡಿ ಗೋಡೆ. ಎರಡು ಬದಿಗೆ 4,000 ಚದರ ಅಡಿ ಬೋರ್ಡು. 8×4ರ ಬೋರ್ಡು 32 ಚದರ ಅಡಿ, ಹಾಗಾಗಿ 125 ಬೋರ್ಡು. ಕಿಟಕಿ-ಬಾಗಿಲಿಗೆ ಸ್ವಲ್ಪ ಇಳಿದು, ಕತ್ತರಿಸಿದ ಚೂರಿಗೆ ಸ್ವಲ್ಪ ಏರಿ, ಅದರ ಆಸುಪಾಸಿಗೇ ನಿಲ್ಲುತ್ತದೆ. ಕೋಟೇಶನ್‌ನಲ್ಲಿ 80 ಎಂದಿದ್ದರೆ ಒಂದು ಕಡೆಯ ಗೋಡೆ ಬಿಟ್ಟಿದ್ದಾರೆ ಅಥವಾ ಎತ್ತರ ಇಳಿಸಿದ್ದಾರೆ.

ಮೂರನೆಯದು ಸ್ಟೀಲ್. ಒಟ್ಟು ಎಷ್ಟು ಕಿಲೋ, ತಗಡಿನ ದಪ್ಪ ಎಷ್ಟು, ಸತುವಿನ ಲೇಪ ಎಷ್ಟು ಎಂಬ ಮೂರೂ ಬರೆದಿರಬೇಕು. ಲೇಪ ಪ್ರತಿ ಚದರ ಮೀಟರಿಗೆ 275 ಗ್ರಾಂ ಇರಲಿ. ದಪ್ಪ ಹೇಳುವಾಗ ಲೇಪ, ಬಣ್ಣ ಸೇರಿಸಿ ಹೇಳುತ್ತಾರೋ, ಒಳಗಿನ ಉಕ್ಕಿನದಷ್ಟೇ ಹೇಳುತ್ತಾರೋ ಕೇಳಿ. ಛಾವಣಿಯ 0.5 ಮಿ.ಮೀ. ತಗಡಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಸಂಡೂರು ಭಾಗದ ಗಣಿ ಧೂಳು, ಕೊಪ್ಪಳ ಸುತ್ತಲಿನ ಕಾರ್ಖಾನೆಗಳ ಧೂಳು ಬೀಳುವ ಊರುಗಳಲ್ಲಿ ಲೇಪ ಇನ್ನೂ ಮುಖ್ಯ, ತಗಡಿನ ಮೇಲೆ ಕೂತ ಧೂಳು ತೇವ ಹಿಡಿದಿಡುತ್ತದೆ.

ನಾಲ್ಕನೆಯದು ತೆರಿಗೆ. ಸಾಮಾನು ಸಮೇತ ಗುತ್ತಿಗೆಗೂ ಪ್ರೀಫ್ಯಾಬ್ ಕಟ್ಟಡದ ಮಾರಾಟಕ್ಕೂ ಜಿಎಸ್‌ಟಿ ಶೇ 18. ಬಾಯಲ್ಲಿ ಹೇಳುವ ದರದಲ್ಲಿ ಇದು ಸೇರಿರುವುದು ಅಪರೂಪ.

ಕೊನೆಗೆ "ಇದರಲ್ಲಿ ಸೇರದ್ದು ಏನೇನು?" ಎಂದು ಪಟ್ಟಿ ಕೇಳಿ: ಇಳಿಸುವ ಕೂಲಿ, ಕ್ರೇನು, ತಂಡದ ಊಟ-ವಸತಿ, ಜನರೇಟರ್ ಡೀಸೆಲ್, ವೈರಿಂಗ್, ಕಿಟಕಿ ಗ್ರಿಲ್, ಸೊಳ್ಳೆ ಜಾಳಿಗೆ, ಸಂದುಗಳ ಟೇಪು-ಲಪ್ಪ (ಪುಟ್ಟಿ), ಎರಡನೇ ಕೋಟ್ ಬಣ್ಣ. "ಎಲ್ಲಾ ಸೇರಿದೆ ಸರ್" ಎಂದು ಹೇಳಿ ಪಟ್ಟಿ ಕೊಡಲು ಹಿಂಜರಿಯುವ ಕಂಪನಿಯನ್ನು ಅಲ್ಲಿಗೇ ಬಿಡಿ.

ಹಂತ 7: ಪೂರ್ತಿ ಲೆಕ್ಕ

ಕೆಳಗಿನ ಅಂಕಿಗಳು ಲೆಕ್ಕದ ರೀತಿ ತೋರಿಸಲು ಇಟ್ಟುಕೊಂಡವು, ಮಾರುಕಟ್ಟೆ ದರ ಅಲ್ಲ. ಅವುಗಳ ಜಾಗದಲ್ಲಿ ನಿಮ್ಮ ಲಿಖಿತ ದರ ತುಂಬಿ. ಕಂಪನಿ ಚದರ ಅಡಿಗೆ ₹1,600 ಹೇಳಿದೆ, ಪ್ಲಾಟು ಎರೆ ನೆಲದಲ್ಲಿದೆ ಎಂದುಕೊಳ್ಳಿ.

ಕಂಪನಿಯ ಮೊತ್ತ (900 × 1,600): ₹14,40,000
ಜಿಎಸ್‌ಟಿ ಶೇ 18: ₹2,59,200
ಪಾಯ, ಗರಸು, ಪ್ಲಿಂತ್, ನೆಲದ ಕಾಂಕ್ರೀಟ್: ₹4,20,000
ಸಾಗಣೆ, ಕ್ರೇನ್, ತಂಡದ ವಸತಿ: ₹1,10,000
ಸಂಪು, ಟ್ಯಾಂಕು-ಸ್ಟ್ಯಾಂಡು, ನೀರು, ಸೆಪ್ಟಿಕ್: ₹2,40,000
ಅಡುಗೆ ಕಟ್ಟೆ, ಟೈಲ್ಸ್, ಗ್ರಿಲ್, ಬಚ್ಚಲ ಇಟ್ಟಿಗೆ ಕೆಲಸ: ₹2,00,000
ಕಾಂಪೌಂಡ್ ಮತ್ತು ಗೇಟು (ಸುತ್ತಳತೆ 200 ಅಡಿ): ₹1,80,000
ಮಣ್ಣು ಪರೀಕ್ಷೆ, ನಕ್ಷೆ, ಪರವಾನಗಿ, ವಿದ್ಯುತ್: ₹75,000
ಕೂಡಿದರೆ: ₹29,24,200
ತುರ್ತಿಗೆ ಶೇ 15: ₹4,38,630
ಒಟ್ಟು: ₹33,62,830

1,600 ಎಂದು ಶುರುವಾದದ್ದು ಚದರ ಅಡಿಗೆ ಸುಮಾರು 3,736ಕ್ಕೆ ನಿಂತಿತು. ಇದೇ ಮನೆ ಮಸಾರಿಯಲ್ಲಿದ್ದು ಪಾಯಕ್ಕೆ ₹2,40,000 ಸಾಕಾದರೆ, ತುರ್ತಿಗೆ ಶೇ 10 ಇಟ್ಟರೂ ಆದೀತು, ಆಗ ಒಟ್ಟು ₹30,18,620. ಪೆಟ್ಟಿಗೆ ಒಂದೇ, ನೆಲ ಬೇರೆ, ಅಂತರ ಮೂರು ಲಕ್ಷದ ನಲವತ್ತನಾಲ್ಕು ಸಾವಿರದ ಮೇಲೆ.

ಎರೆಯಲ್ಲಿ ಜನ ಮರೆಯುವ ಎರಡು ಬಾಬ್ತು ಇನ್ನೂ ಇವೆ. ಇಟ್ಟಿಗೆಯ ಸಂಪು ಉಬ್ಬುವ ಮಣ್ಣಿನ ಒತ್ತಡಕ್ಕೆ ಬಿರಿಯುತ್ತದೆ, ಆರ್‌ಸಿಸಿ ಸಂಪಿನ ದರವನ್ನೇ ಹಿಡಿಯಿರಿ. ಇಂಗು ಗುಂಡಿ ಎರೆಯಲ್ಲಿ ನೀರನ್ನು ಸರಿಯಾಗಿ ಹೀರುವುದಿಲ್ಲ, ಸೆಪ್ಟಿಕ್ ನೀರನ್ನು ಎಲ್ಲಿಗೆ ಬಿಡುತ್ತೀರಿ ಎಂಬುದಕ್ಕೆ ಉತ್ತರ ಮತ್ತು ದುಡ್ಡು ಎರಡೂ ಮೊದಲೇ ಬೇಕು. ಮನೆ ಸುತ್ತ ಮೂರಡಿ ಅಗಲದ ಇಳಿಜಾರು ಕಾಂಕ್ರೀಟ್ ಪಟ್ಟಿ ಹಾಕಿಸುವುದನ್ನೂ ಸೇರಿಸಿ, ಪಾಯದ ಬುಡಕ್ಕೆ ಮಳೆನೀರು ಇಳಿಯದಂತೆ ತಡೆಯುವುದು ಅದೇ.

ಎಲ್ಲ ತುಂಬಿದ ಮೇಲೆ ಊರಿನ ಗೌಂಡಿಯಿಂದ ಅದೇ ಅಳತೆಯ ಇಟ್ಟಿಗೆ ಮನೆಗೂ ಅಂದಾಜು ತರಿಸಿ ಪಕ್ಕದಲ್ಲಿಡಿ. ಆಳದ ಎರೆ ನೆಲ, ಸಮತಟ್ಟು ಮಾಳಿಗೆ, ಮುಂದೆ ಮೇಲಂತಸ್ತು, ಈ ಮೂರೂ ನಿಮ್ಮ ಪಟ್ಟಿಯಲ್ಲಿದ್ದರೆ ಪ್ರೀಫ್ಯಾಬ್ ಅಗ್ಗ ಬೀಳುವುದು ಕಷ್ಟ. ಅದು ಉಳಿಸುವುದು ತಿಂಗಳುಗಳನ್ನು, ಜತೆಗೆ ಅಷ್ಟು ತಿಂಗಳ ಬಾಡಿಗೆಯನ್ನು. ಆ ಉಳಿತಾಯ ನಿಮಗೆ ಎಷ್ಟು ಬೆಲೆಯದೋ ನೀವೇ ತೂಗಬೇಕು.

ಹಂತ 8: ಯಾವ ದಿನ ಎಷ್ಟು ದುಡ್ಡು

ಒಟ್ಟು ದುಡ್ಡು ಇದ್ದರೂ ಆ ದಿನ ಕೈಯಲ್ಲಿಲ್ಲದೆ ಕೆಲಸ ನಿಲ್ಲುತ್ತದೆ. ಮೇಲಿನ ಲೆಕ್ಕದಲ್ಲಿ ತೆರಿಗೆ ಸೇರಿ ಕಂಪನಿಗೆ ₹16,99,200. ಆರ್ಡರಿನೊಂದಿಗೆ ಶೇ 40 ಕೇಳಿದರು ಎಂದಿಟ್ಟುಕೊಂಡರೆ ₹6,79,680. ಪಾಯ ₹4,20,000, ಪರವಾನಗಿ ವಗೈರೆ ₹75,000. ಒಂದು ಬೋರ್ಡು ನಿಲ್ಲುವ ಮೊದಲೇ ₹11,74,680 ಹೋಯಿತು. ಲಾರಿ ಹೊರಡುವ ಮುಂಚೆ ಇನ್ನೂ ಶೇ 50 ಎಂದರೆ ₹8,49,600. ಆಗ ಮೊತ್ತ ₹20,24,280, ಪ್ಲಾಟಿನಲ್ಲಿ ಕಾಣುವುದು ಪ್ಲಿಂತ್ ಒಂದೇ. ಇಷ್ಟನ್ನು ಬ್ಯಾಂಕಿನ ಕಂತಿಲ್ಲದೆ ನಿಭಾಯಿಸಬಲ್ಲಿರಾ ಎಂದು ಈಗಲೇ ಕೇಳಿಕೊಳ್ಳಿ.

ಕುದುರಿಸಬೇಕಾದದ್ದು ಹೀಗೆ: ಡ್ರಾಯಿಂಗ್ ಒಪ್ಪಿದಾಗ ಶೇ 10-15, ಸ್ಟೀಲ್ ಕತ್ತರಿಸಿದ್ದನ್ನು ಕಾರ್ಖಾನೆಯಲ್ಲಿ ಕಣ್ಣಾರೆ ನೋಡಿದ ಮೇಲೆ ಒಂದು ಕಂತು, ಪ್ಲಾಟಿಗೆ ಇಳಿದ ಮೇಲೆ ದೊಡ್ಡ ಕಂತು, ಕೆಲಸ ಮುಗಿದಾಗ ಮತ್ತೊಂದು, ಕೊನೆಗೆ ಶೇ 5-10 ಕೈಯಲ್ಲೇ. ಹೆಚ್ಚು ಅಡ್ವಾನ್ಸಿಗೆ ಪಟ್ಟು ಹಿಡಿದರೆ ಬ್ಯಾಂಕ್ ಗ್ಯಾರಂಟಿ (ಕಂಪನಿ ತಪ್ಪಿದರೆ ದುಡ್ಡು ಕೊಡುವ ಬ್ಯಾಂಕಿನ ಖಾತರಿ ಪತ್ರ) ಕೇಳಿ. ಕಟ್ಟುವ ತಿಂಗಳುಗಳ ಬಾಡಿಗೆ ಮತ್ತು ಸಾಲದ ಬಡ್ಡಿ ಎರಡೂ ಒಟ್ಟಿಗೇ ಬೀಳುತ್ತವೆ, ಆರು ತಿಂಗಳಿಗಾಗುವಷ್ಟು ಬೇರೆ ಎತ್ತಿಡಿ.

ಹಂತ 9: ಪ್ಲಿಂತ್ ಅಳತೆ ಮತ್ತು ಲಾರಿ ಬಂದ ದಿನ

ಇಟ್ಟಿಗೆ ಮನೆಯಲ್ಲಿ ಒಂದು ಇಂಚು ಆಚೀಚೆಯಾದರೆ ಗೌಂಡಿ ಗಾರೆಯಲ್ಲಿ ಸರಿಮಾಡುತ್ತಾನೆ. ಇಲ್ಲಿ ಗೋಡೆ ಆಗಲೇ ಕತ್ತರಿಸಿ ಬಂದಿರುತ್ತದೆ. ಪ್ಲಿಂತ್‌ನ ಎರಡು ಕರ್ಣಗಳನ್ನೂ ಅಳೆಯಿರಿ: 25×36ಕ್ಕೆ ಎರಡೂ 43 ಅಡಿ 10 ಇಂಚು ಬರಬೇಕು, ಮತ್ತು ಎರಡರ ನಡುವೆ ಕೆಲವೇ ಮಿಲಿಮೀಟರ್ ವ್ಯತ್ಯಾಸ ಇರಬೇಕು. ನಾಲ್ಕು ಮೂಲೆ, ನಡುವಿನ ಬೀಮು ಎಲ್ಲ ಕಡೆ ಲೆವೆಲ್ ಪೈಪು ಹಿಡಿಯಿರಿ. ಈ ಅಳತೆಗೆ ಕಂಪನಿಯ ಎಂಜಿನಿಯರ್ ಸಹಿ ಹಾಕಿದ ಮೇಲೆಯೇ ಡಿಸ್ಪ್ಯಾಚ್ ಹೇಳಿ. ಸಹಿ ಇಲ್ಲದಿದ್ದರೆ "ನಿಮ್ಮ ಪ್ಲಿಂತ್ ಸೊಟ್ಟ" ಎಂಬ ಕಾರಣಕ್ಕೆ ಮರು ಕತ್ತರಿಸುವ ಖರ್ಚು ನಿಮ್ಮದಾಗುತ್ತದೆ.

ನೆಲದ ಕಾಂಕ್ರೀಟ್ 4 ಇಂಚಿಗೆ 300 ಘನ ಅಡಿ, ಅಂದರೆ 8.5 ಘನ ಮೀಟರ್. ಎಂ20 ದರ್ಜೆಯ ಕಾಂಕ್ರೀಟಿಗೆ ಘನ ಮೀಟರಿಗೆ 8 ಚೀಲ ಹಿಡಿದರೆ 68 ಚೀಲ ಸಿಮೆಂಟು. ಕೆಳಗೆ ಗರಸನ್ನು 6 ಇಂಚಿನ ಪದರವಾಗಿ ನೀರು ಹೊಡೆದು ದಮ್ಮಸ್ಸು ಹಾಕಿರಬೇಕು. ಬೋರಿನ ಸೌಳು ನೀರಿನಲ್ಲಿ ಕಾಂಕ್ರೀಟ್ ಕಲಸಬೇಡಿ. ಕಬ್ಬಿಣ ಹಾಕುವ ಕಾಂಕ್ರೀಟಿನ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿ.ಗ್ರಾಂ ಮೀರಬಾರದು ಎಂದು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ, ಅನುಮಾನ ಇದ್ದರೆ ಪರೀಕ್ಷೆ ಮಾಡಿಸಿ ಅಥವಾ ಟ್ಯಾಂಕರ್ ಖರ್ಚು ಸೇರಿಸಿ. ನಮ್ಮ ಒಣ ಬಿಸಿಲಿಗೆ ಪಿಪಿಸಿ (ಹಾರುಬೂದಿಯಂಥದ್ದು ಬೆರೆತ) ಸಿಮೆಂಟಾದರೆ 14 ದಿನ ನೀರು ಉಣಿಸಿ. ತಂಡ ಬಂದು ಕಾಯುತ್ತಿದೆ ಎಂದು ಐದನೇ ದಿನಕ್ಕೇ ಬೋಲ್ಟ್ ಬಿಗಿಯಲು ಬಿಡಬೇಡಿ.

ಲಾರಿ ಊರು ಮುಟ್ಟಿದಾಗ ಮೊದಲು ವೇಬ್ರಿಡ್ಜಿಗೆ ಹೋಗಲಿ. ಅಕ್ಕಿ ಗಿರಣಿಗಳಿರುವ ಸಿಂಧನೂರು, ಗಂಗಾವತಿಯಂಥ ಊರುಗಳಲ್ಲಿ ವೇಬ್ರಿಡ್ಜ್ ಹುಡುಕಬೇಕಿಲ್ಲ. ಸ್ಟೀಲ್ ತಂದ ಲಾರಿಯ ತುಂಬಿದ ತೂಕ, ಖಾಲಿ ತೂಕದ ಚೀಟಿ ಎರಡೂ ಕೈಯಲ್ಲಿದ್ದರೆ ಕೋಟೇಶನ್‌ನ ಕಿಲೋ ಜತೆ ತಾಳೆ ನೋಡಬಹುದು. ಮೂರ್ನಾಲ್ಕು ಕಡೆ ಸ್ಕ್ರೂ ಗೇಜ್ ಹಿಡಿದು ದಪ್ಪ ಬರೆದಿಡಿ, ಬೋರ್ಡು ಎಣಿಸಿ, ಮೂಲೆ ಮುರಿದವನ್ನು ಚಲನ್ ಮೇಲೆಯೇ ಬರೆಸಿ.

ಹಂತ 10: ಕೊನೆಯ ಕಂತು

ಜೋಡಣೆ ನಡೆಯುವಾಗ ಎಚ್ಚರಿಕೆಯ ಗುರುತುಗಳು: ಬೋರ್ಡುಗಳನ್ನು ಸಂದು ಬಿಡದೆ ಒಂದಕ್ಕೊಂದು ಒತ್ತಿ ಕೂಡಿಸುತ್ತಿದ್ದರೆ ಬಿಸಿಲಿಗೆ ಹಿಗ್ಗಿ ಬಿರುಕು ಬಿಡುತ್ತವೆ, 3-5 ಮಿ.ಮೀ. ಬಿಟ್ಟು ಜಾಳಿಗೆ ಟೇಪು ಹಾಕಿ ಲಪ್ಪ ತುಂಬಬೇಕು. ಛಾವಣಿಯ ಸ್ಕ್ರೂಗಳಿಗೆ ರಬ್ಬರ್ ವಾಷರ್ ಇಲ್ಲದಿದ್ದರೆ, ಅಥವಾ ವಾಷರ್ ಹಿಂಡಿಹೋಗುವಷ್ಟು ಬಿಗಿದಿದ್ದರೆ ಅಲ್ಲೇ ಸೋರುತ್ತದೆ. ಕತ್ತರಿಸಿದ ಸ್ಟೀಲಿನ ತುದಿಗೆ ಸತುವಿನ ಬಣ್ಣ ಹಚ್ಚದೆ ಬೋರ್ಡು ಮುಚ್ಚುತ್ತಿದ್ದರೆ ಕೆಲಸ ನಿಲ್ಲಿಸಿ, ಹಚ್ಚಿಸಿ ಆಮೇಲೆ ಮುಚ್ಚಲು ಹೇಳಿ. ಗೋಡೆಯೊಳಗಿನ ಪೈಪು, ವೈರು, ಪಟ್ಟಿಗಳ ಫೋಟೊ ಬೋರ್ಡು ಮುಚ್ಚುವ ಮುನ್ನ ತೆಗೆದಿಡಿ. ಮುಂದೆ ಮೊಳೆ ಹೊಡೆಯುವಾಗ ಅದೇ ನಕ್ಷೆ.

ಏಪ್ರಿಲ್‌ನಲ್ಲಿ ಮುಗಿದ ಮನೆ ಸೋರುತ್ತದೋ ಇಲ್ಲವೋ ಏಪ್ರಿಲ್‌ನಲ್ಲಿ ಗೊತ್ತಾಗುವುದಿಲ್ಲ. ಆ ಶೇ 5-10ನ್ನು ಮೊದಲ ಜೋರು ಮಳೆಯ ತನಕ ತಡೆಹಿಡಿಯುವ ಸಾಲು ಕರಾರಿನಲ್ಲಿ ಇರಲಿ. ಮಳೆ ನಿಂತ ಮರುದಿನ ಕಿಟಕಿಯ ಕೆಳಮೂಲೆ, ಗೋಡೆ-ಛಾವಣಿ ಕೂಡುವ ಸಾಲು, ಬಚ್ಚಲ ಇಟ್ಟಿಗೆಗೂ ಬೋರ್ಡಿಗೂ ನಡುವಿನ ಸಂದು, ಈ ಮೂರನ್ನೂ ಕೈಯಿಂದ ಮುಟ್ಟಿ ನೋಡಿ. ಎರೆ ನೆಲವಾದರೆ ಎಲ್ಲ ಬಾಗಿಲುಗಳನ್ನೂ ತೆರೆದು ಮುಚ್ಚಿ ನೋಡಿ, ಹಿಡಿಯುವ ಬಾಗಿಲು ಯಾವುದು ಎಂದು ಬರೆದುಕೊಂಡು ಪಾಯ ಮಾಡಿದ ಎಂಜಿನಿಯರಿಗೆ ತೋರಿಸಿ. ಮೂರೂ ಕಡೆ ಒಣಗಿದ್ದು ಬಾಗಿಲು ಸಲೀಸಾಗಿ ಆಡಿದರೆ ಆಗ ಚೆಕ್ ಬರೆಯಿರಿ.